ಘ್ರಾಣಸಾಕ್ಷ್ಯ: ನಾಯಿಯ ಮೂಗಿನ ಶಿಕ್ಷಣದ ಇತಿಹಾಸ

೧

ನಾಯಿಯ ಘ್ರಾಣಶಕ್ತಿಯನ್ನು ಮನುಷ್ಯನು ಬಳಸಿಕೊಂಡುದು ಬಹು ಪ್ರಾಚೀನವಾದ ಸಂಗತಿ; ಆ ಶಕ್ತಿಯನ್ನು ಸರಿಯಾಗಿ ಪರೀಕ್ಷಿಸಲು ಕಲಿತುದು ತೀರ ಈಚಿನದು. ಈ ಎರಡರ ನಡುವಣ ಅಂತರವೇ ಪ್ರಕೃತ ಲೇಖನದ ವಿಷಯ. ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಹುಟ್ಟಿ, ಈಗ ಹಲವು ದೇಶಗಳಲ್ಲಿ ನಡೆಯುತ್ತಿರುವ ‘ನೋಸ್‌ವರ್ಕ್’ ಎಂಬ ಒಂದು ಸ್ಪರ್ಧೆಯುಂಟು. ಮನೆಯಲ್ಲಿ ಸಾಕಿದ ನಾಯಿಯು, ಎಲ್ಲಿಯೋ ಅಡಗಿಸಿಟ್ಟ ಸುಗಂಧತೈಲದ ಹತ್ತಿಯ ತುಂಡೊಂದನ್ನು ನಿಯತವಾದ ಕಾಲದೊಳಗೆ ಹುಡುಕಿ ತೋರಿಸಬೇಕು, ಆಟವೆಂದರೆ ಇಷ್ಟೇ. ಇಂಥ ವಿನೋದಕ್ಕೆ ಇತಿಹಾಸ ವಿಭಾಗದ ಸಂಚಿಕೆಯಲ್ಲಿ ಏನು ಸ್ಥಾನವೆಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವೇ ಸರಿ.

ಇದಕ್ಕೆ ಉತ್ತರ ಹೀಗಿದೆ: ಸುಮಾರು ಒಂದು ನೂರು ವರ್ಷಗಳ ಕಾಲ ಪೋಲೀಸು ಇಲಾಖೆಗಳೂ ಸೇನೆಗಳೂ ನ್ಯಾಯಾಲಯಗಳೂ ನಾಯಿಯ ‘ಮಾತ’ನ್ನು ನಂಬಬೇಕೋ ಬೇಡವೋ ಎಂಬ ಪ್ರಶ್ನೆಯೊಡನೆ ಹೆಣಗಾಡಿದವು. ಈ ಹೆಣಗಾಟದಲ್ಲಿ ನಿರಪರಾಧಿಗಳು ಸೆರೆಮನೆಗೆ ಹೋದುದೂ ಉಂಟು. ಪ್ರಶ್ನೆಯ ತಿರುಳು ನಾಯಿಯ ಮೂಗಿನಲ್ಲಿಲ್ಲ, ಹಗ್ಗ ಹಿಡಿದವನ ಮನಸ್ಸಿನಲ್ಲಿದೆ ಎಂಬುದು ತಡವಾಗಿ ತಿಳಿದುಬಂದಿತು. ಈ ತಿಳಿವಳಿಕೆಯನ್ನು ನಿತ್ಯದ ನಿಯಮವನ್ನಾಗಿ ಮಾಡಿಕೊಂಡ ಸಂಸ್ಥೆಗಳಲ್ಲಿ ಈ ಸ್ಪರ್ಧೆಯೂ ಒಂದು. ಸಾಕ್ಷ್ಯವನ್ನು ತೂಗುವುದೇ ಕಸಬಾಗಿರುವ ನಮಗೆ ಇದರಿಂದ ಕಲಿಯತಕ್ಕದ್ದು ಇದೆಯೆಂದು ಲೇಖಕನ ಅಭಿಪ್ರಾಯ.

೨

ಬೇಟೆಯ ನಾಯಿಗೆ ನಮ್ಮ ನಾಡಿನಲ್ಲಿ ದೊರೆತಿದ್ದ ಮನ್ನಣೆಗೆ ಪ್ರಸಿದ್ಧ ದಾಖಲೆಗಳಿವೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವು ಹತ್ತನೆಯ ಶತಮಾನದ ಮಧ್ಯಭಾಗದ್ದು. ಗಂಗರ ಇಮ್ಮಡಿ ಬೂತುಗನ ಸೇವಕನಾದ ಮಣಲೆರನು ತಕ್ಕೋಲದ ಯುದ್ಧದಲ್ಲಿ ಮೆರೆದ ಶೌರ್ಯಕ್ಕೆ ಮೆಚ್ಚುಗೆಯಾಗಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನಿಂದ ‘ಕಾಳಿ’ ಎಂಬ ನಾಯಿಯನ್ನು ಬೇಡಿ ಪಡೆದನು. ಆ ನಾಯಿ ಹಂದಿಯೊಡನೆ ಹೋರಾಡಿ, ಎರಡೂ ಒಟ್ಟಿಗೆ ಸತ್ತುದನ್ನು ಶಾಸನ ದಾಖಲಿಸುತ್ತದೆ. ಕಲ್ಯಾಣ ಚಾಲುಕ್ಯ ವಂಶದ ಮುಮ್ಮಡಿ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ‘ಸಾರಮೇಯ ವಿನೋದ’ವೆಂದು ನಾಯಿಗಳಿಗೇ ಮೀಸಲಾದ ಪ್ರಕರಣವೊಂದಿದೆ.

ಆದರೆ ಬೇಟೆಯ ನಾಯಿಯ ವಿಷಯದಲ್ಲಿ ಸಾಕ್ಷ್ಯದ ಪ್ರಶ್ನೆ ಹುಟ್ಟುವುದೇ ಇಲ್ಲವೆಂಬುದನ್ನು ಗಮನಿಸಬೇಕು. ನಾಯಿ ಜಾಡು ಹಿಡಿದು ಹೋದ ಕಡೆ ಹಂದಿ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ನಾಯಿಯ ತಪ್ಪು ತಾನಾಗಿಯೇ ಬಯಲಾಗುತ್ತದೆ. ನಾಯಿಯನ್ನು ಹಂದಿಯ ಹಿಂದೆ ಬಿಡದೆ ಮನುಷ್ಯನ ಹಿಂದೆ ಬಿಟ್ಟಾಗ ಈ ಸೌಲಭ್ಯ ತಪ್ಪಿಹೋಗುತ್ತದೆ; ಏಕೆಂದರೆ ಜಾಡಿನ ತುದಿಯಲ್ಲಿ ಯಾರಾದರೊಬ್ಬ ಮನುಷ್ಯನು ಇದ್ದೇ ಇರುತ್ತಾನೆ. ಅವನೇ ಅಪರಾಧಿಯೆಂದು ಹೇಳುವವರು ಯಾರು?

೩

ಯೂರೋಪಿನ ನಗರಗಳು ಈ ಪ್ರಶ್ನೆಯನ್ನು ಎದುರಿಸಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ೧೮೮೮ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಪ್ರದೇಶದಲ್ಲಿ ಸ್ತ್ರೀಯರ ಕೊಲೆಗಳು ನಡೆದು ಜನ ಕಂಗೆಟ್ಟಿದ್ದಾಗ, ಪೋಲೀಸು ಕಮಿಷನರಾಗಿದ್ದ ಸರ್ ಚಾರ್ಲ್ಸ್ ವಾರನ್ ಅವರು ಸ್ಕಾರ್ಬರೋ ಊರಿನಿಂದ ಬಾರ್ನಬಿ, ಬರ್ಗೋ ಎಂಬ ಎರಡು ಬ್ಲಡ್‌ಹೌಂಡ್ ನಾಯಿಗಳನ್ನು ತರಿಸಿದರು. ಅದೇ ಅಕ್ಟೋಬರ್ ತಿಂಗಳಲ್ಲಿ ನಗರದ ಉದ್ಯಾನಗಳಲ್ಲಿ ನಾಯಿಗಳ ಪರೀಕ್ಷೆ ನಡೆಯಿತು; ಕಮಿಷನರು ತಾವೇ ಓಡುವ ಅಪರಾಧಿಯ ಪಾತ್ರವನ್ನು ವಹಿಸಿದ್ದರು. ನವೆಂಬರಿನ ಕೊಲೆಯ ಹೊತ್ತಿಗೆ ನಾಯಿಗಳು ಲಂಡನ್ನಿನಲ್ಲಿ ಇರಲಿಲ್ಲ. ಇದರಿಂದ ಪ್ರಯೋಗಕ್ಕೆ ಫಲವಿಲ್ಲದೆ ಹೋಯಿತು. ಮುಂಜಾನೆಯ ಉದ್ಯಾನದ ಹುಲ್ಲಿನ ಮೇಲೆ ಒಬ್ಬನ ಜಾಡು ಹಿಡಿಯುವುದಕ್ಕೂ, ಸಾವಿರಾರು ಜನ ತುಳಿದಾಡಿದ ಕಲ್ಲುಹಾಸಿನ ಬೀದಿಯಲ್ಲಿ ಹಿಡಿಯುವುದಕ್ಕೂ ಇರುವ ಭೇದ ಅಂದಿನವರಿಗೂ ತಿಳಿಯದ ಮಾತಲ್ಲ.

೧೮೯೯ರಲ್ಲಿ ಬೆಲ್ಜಿಯಮ್ ದೇಶದ ಘೆಂಟ್ ನಗರವು ಪೋಲೀಸು ನಾಯಿಗಳ ವ್ಯವಸ್ಥಿತವಾದ ದಳವನ್ನು ಏರ್ಪಡಿಸಿತು. ಅವು ಮುಖ್ಯವಾಗಿ ರಾತ್ರಿಯ ಗಸ್ತಿನ ಕಾವಲು ನಾಯಿಗಳು. ಅದೇ ವರ್ಷ ಜರ್ಮನಿಯಲ್ಲಿ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸನು ಜರ್ಮನ್ ಷೆಪರ್ಡ್ ನಾಯಿಗಳ ಸಂಘವನ್ನು ಸ್ಥಾಪಿಸಿದನು. ಶಿಕ್ಷಣದ ವಿಧಾನವನ್ನು ಶಾಸ್ತ್ರದ ಮಟ್ಟಕ್ಕೆ ಏರಿಸಿದ ಕೀರ್ತಿ ಮಾತ್ರ ಕೊನ್ರಾಡ್ ಮೋಸ್ಟನಿಗೆ ಸಲ್ಲತಕ್ಕದ್ದು. ಸಾರ್‌ಬ್ರುಕನ್ ನಗರದ ಪೋಲೀಸು ಅಧಿಕಾರಿಯಾಗಿದ್ದ ಈತನು ೧೯೦೬ರಲ್ಲಿ ನಾಯಿಗಳಿಗೆ ಶಿಕ್ಷಣ ಕೊಡಲು ಆರಂಭಿಸಿ, ೧೯೧೦ರಲ್ಲಿ ತನ್ನ ಅನುಭವವನ್ನು ಗ್ರಂಥರೂಪಕ್ಕೆ ತಂದನು. ನಾಯಿಗೆ ಮನುಷ್ಯನ ನೀತಿ, ತರ್ಕ, ಕೃತಜ್ಞತೆಗಳನ್ನು ಆರೋಪಿಸಬಾರದು. ಅದು ಕಲಿಯುವುದು ತನ್ನ ಕ್ರಿಯೆಯನ್ನು ಒಡನೆಯೇ ಹಿಂಬಾಲಿಸುವ ಹಿತಾಹಿತಗಳಿಂದ ಎಂಬುದು ಅವನ ಸಿದ್ಧಾಂತ. ಅಮೆರಿಕದ ಸ್ಕಿನ್ನರನು ಇದೇ ತತ್ತ್ವವನ್ನು ಪ್ರಯೋಗಶಾಲೆಯಲ್ಲಿ ನಿರೂಪಿಸಿ ೧೯೩೮ರಲ್ಲಿ ಗ್ರಂಥವನ್ನು ಪ್ರಕಟಿಸುವುದಕ್ಕೆ ಬಹು ಮುಂಚಿನ ಮಾತಿದು. ಮೋಸ್ಟನ ಪದ್ಧತಿಯಲ್ಲಿ ದಂಡನೆಗೆ ಇದ್ದ ಸ್ಥಾನವನ್ನು ಇಂದಿನ ಶಿಕ್ಷಕರು ಒಪ್ಪಲಾರರು. ಅವನು ಹಾಕಿದ ಅಡಿಗಲ್ಲು ಮಾತ್ರ ಉಳಿದುಕೊಂಡಿದೆ.

ಇದೇ ವರ್ಷಗಳಲ್ಲಿ, ಇದೇ ಜರ್ಮನಿಯಲ್ಲಿ, ಇನ್ನೊಂದು ಪ್ರಾಣಿಯ ವಿಷಯವಾಗಿ ನಡೆದ ವಿಚಾರಣೆಯೊಂದನ್ನು ಇಲ್ಲಿ ಸ್ಮರಿಸಲೇಬೇಕು. ಬರ್ಲಿನ್ನಿನಲ್ಲಿ ಫಾನ್ ಓಸ್ಟೆನ್ ಎಂಬ ನಿವೃತ್ತ ಉಪಾಧ್ಯಾಯನ ಬಳಿ ‘ಜಾಣ ಹಾನ್ಸ್’ ಎಂದು ಹೆಸರಾದ ಕುದುರೆಯಿದ್ದಿತು. ಲೆಕ್ಕ ಕೇಳಿದರೆ ಅದು ಗೊರಸನ್ನು ಬಡಿದು ಉತ್ತರ ಹೇಳುತ್ತಿತ್ತು. ೧೯೦೪ರಲ್ಲಿ ವಿದ್ವಾಂಸರ ಸಮಿತಿಯೊಂದು ಇದನ್ನು ನೋಡಿ, ಮೋಸವೇನೂ ಇಲ್ಲವೆಂದು ಹೇಳಿತು. ಮೋಸ ನಿಜವಾಗಿಯೂ ಇರಲಿಲ್ಲ. ಆದರೆ ಆಸ್ಕರ್ ಫುಂಗ್‌ಸ್ಟ್ ಎಂಬ ಯುವಕ ಸಂಶೋಧಕನು ತಾಳ್ಮೆಯಿಂದ ಪರೀಕ್ಷಿಸಿ, ಪ್ರಶ್ನೆ ಕೇಳುವವನಿಗೆ ಉತ್ತರ ತಿಳಿದಿದ್ದಾಗ, ಮತ್ತು ಕುದುರೆಗೆ ಅವನು ಕಾಣುತ್ತಿದ್ದಾಗ ಮಾತ್ರವೇ ಉತ್ತರ ಸರಿಯಾಗಿ ಬರುತ್ತದೆಂಬುದನ್ನು ೧೯೦೭ರಲ್ಲಿ ಪ್ರಕಟಿಸಿದನು. ಸರಿಯಾದ ಎಣಿಕೆ ಬಂದೊಡನೆ ಕೇಳುವವನ ತಲೆ ತನಗರಿವಿಲ್ಲದೆ ಅಣುಮಾತ್ರ ಅಲುಗುತ್ತಿತ್ತು. ಕುದುರೆ ಅದನ್ನು ಓದುತ್ತಿತ್ತು. ಈ ಪಾಠವನ್ನು ಮನಶ್ಶಾಸ್ತ್ರವು ಕೂಡಲೇ ಕಲಿಯಿತು. ಪೋಲೀಸು ಠಾಣೆಗಳಿಗೆ ಅದು ತಲುಪಲು ಬಹುಕಾಲ ಹಿಡಿಯಿತು.

೪

ಎರಡನೆಯ ಮಹಾಯುದ್ಧದಲ್ಲಿ ನಾಯಿಯ ಮೂಗಿಗೆ ಹೊಸ ಕೆಲಸ ಬಂದಿತು: ನೆಲದಲ್ಲಿ ಹೂತ ಸಿಡಿಗುಂಡುಗಳನ್ನು ಪತ್ತೆ ಮಾಡುವುದು. ಸೋವಿಯೆತ್ ಒಕ್ಕೂಟವೂ ಬ್ರಿಟನ್ನೂ ಈ ಕಾರ್ಯದಲ್ಲಿ ನಾಯಿಗಳನ್ನು ಬಳಸಿದವು. ಇಲ್ಲಿ ತಪ್ಪಿಗೆ ತೆರಬೇಕಾದ ಬೆಲೆ ಪ್ರಾಣ. ಅಮೆರಿಕದ ಸೇನೆ ಆ ಕಾಲದಲ್ಲಿ ಹೂತ ವಸ್ತುವಿನ ಬಳಿ ನಾಯಿಗೆ ವಿದ್ಯುತ್ತಿನ ಆಘಾತವಾಗುವಂತೆ ಮಾಡಿ, ಭಯದಿಂದ ಅದು ಹಿಂಜರಿಯುವುದನ್ನೇ ಸೂಚನೆಯಾಗಿ ಪಡೆಯಲು ಯತ್ನಿಸಿತು. ಉತ್ತರ ಆಫ್ರಿಕದಲ್ಲಿ ಆ ನಾಯಿಗಳು ನಿರೀಕ್ಷೆಯ ಮಟ್ಟಕ್ಕೆ ಬರಲಿಲ್ಲ. ಮುಂದಿನ ದಶಕಗಳಲ್ಲಿ ಸ್ಫೋಟಕ, ಮಾದಕವಸ್ತುಗಳ ಪತ್ತೆಗೆ ನಾಯಿಗಳನ್ನು ಸಿದ್ಧಮಾಡುವವರು ಭಯವನ್ನು ಬಿಟ್ಟು ಬಹುಮಾನವನ್ನು ಹಿಡಿದರು. ನಾಯಿಗೆ ವಾಸನೆ ಹಿಡಿಯುವುದನ್ನು ಕಲಿಸಬೇಕಾಗಿಲ್ಲ. ಯಾವ ವಾಸನೆಗೆ ಪ್ರತಿಫಲವುಂಟೆಂಬುದನ್ನು ಮಾತ್ರ ಕಲಿಸಬೇಕು ಎಂಬ ತಿಳಿವಳಿಕೆ ಹೀಗೆ ನೆಲೆಗೊಂಡಿತು.

ಭಾರತದಲ್ಲಿಯೂ ಈ ವಿದ್ಯೆಗೆ ಶಾಲೆಗಳು ಏರ್ಪಟ್ಟವು. ಸೇನೆಯ ನಾಯಿಗಳ ಶಿಕ್ಷಣಶಾಲೆ ಮೀರತ್ತಿನಲ್ಲಿ ೧೯೬೦ರಲ್ಲಿಯೂ, ಗಡಿ ಭದ್ರತಾ ಪಡೆಯ ಕೇಂದ್ರ ಗ್ವಾಲಿಯರ್ ಬಳಿಯ ಟೇಕನ್‌ಪುರದಲ್ಲಿ ೧೯೭೦ರಲ್ಲಿಯೂ, ಕೇಂದ್ರ ಮೀಸಲು ಪೋಲೀಸು ಪಡೆಯ ಶಾಲೆ ಬೆಂಗಳೂರಿನ ಬಳಿಯ ತರಳುವಿನಲ್ಲಿ ೨೦೧೧ರಲ್ಲಿಯೂ ಆರಂಭವಾದವು. ನಮ್ಮ ನಾಡಿನ ಮುಧೋಳದ ನಾಯಿ ಕಣ್ಣಿನಿಂದ ಬೇಟೆಯಾಡುವ ವರ್ಗಕ್ಕೆ ಸೇರಿದುದು. ಆದರೂ ಈ ತಳಿಯ ನಾಯಿಗಳನ್ನು ಸೇನೆಯು ೨೦೧೬ರಲ್ಲಿ ಶಿಕ್ಷಣಕ್ಕಾಗಿ ಮೀರತ್ತಿಗೆ ಕರೆದೊಯ್ದಿತು.

೫

ನ್ಯಾಯಾಲಯಗಳ ಕಥೆ ಬೇರೆ. ಭಾರತದ ಸರ್ವೋಚ್ಚ ನ್ಯಾಯಾಲಯವು ೧೯೬೯ರ ಮೊಕದ್ದಮೆಯೊಂದರಲ್ಲಿ ನಾಯಿಯ ಜಾಡಿನ ಸಾಕ್ಷ್ಯಕ್ಕೆ ಸಾಮಾನ್ಯವಾಗಿ ಬರುವ ಆಕ್ಷೇಪಗಳನ್ನು ವಿವೇಚಿಸಿತು. ನಾಯಿ ಸಾಕ್ಷಿಯ ಕಟಕಟೆಗೆ ಬಂದು ಪ್ರಮಾಣ ಮಾಡಲಾರದು, ಪಾಟೀಸವಾಲಿಗೆ ಉತ್ತರ ಕೊಡಲಾರದು. ಅದರ ಪರವಾಗಿ ಪಾಲಕನು ಹೇಳುವುದು ಕೇಳಿಕೆಯ ಮಾತಾಗುತ್ತದೆ. ಮನುಷ್ಯನ ಜೀವವೂ ಸ್ವಾತಂತ್ರ್ಯವೂ ನಾಯಿಯ ಊಹೆಯನ್ನು ಅವಲಂಬಿಸಬಾರದೆಂಬ ಭಾವನೆಯೂ ಅವುಗಳಲ್ಲೊಂದು. ಇಂಥ ಸಾಕ್ಷ್ಯಕ್ಕೆ ನಮ್ಮ ನ್ಯಾಯಾಲಯಗಳು ಹೆಚ್ಚಿನ ತೂಕವನ್ನು ಕೊಡದೆ ಬಂದಿರುವುದು ಈ ವಿವೇಕದಿಂದಲೇ.

ಈ ವಿವೇಕ ಎಲ್ಲೆಡೆಯೂ ಇರಲಿಲ್ಲ. ಅಮೆರಿಕದ ಫ್ಲಾರಿಡಾ ಸಂಸ್ಥಾನದಲ್ಲಿ ೧೯೮೧ರಲ್ಲಿ ಯುವಕನೊಬ್ಬನಿಗೆ ಕೊಲೆಯ ಆರೋಪದ ಮೇಲೆ ಯಾವಜ್ಜೀವ ಶಿಕ್ಷೆಯಾಯಿತು. ರಕ್ತದ ಕಲೆಯಿದ್ದ ಅಂಗಿಗೂ ಆತನಿಗೂ ಸಂಬಂಧವಿದೆಯೆಂದು ನಾಯಿ ಸೂಚಿಸಿತೆಂಬುದಾಗಿ ಪಾಲಕನು ನುಡಿದ ಸಾಕ್ಷ್ಯವು ಆ ತೀರ್ಪಿನ ಆಧಾರಗಳಲ್ಲಿ ಒಂದಾಗಿದ್ದಿತು. ಅದೇ ಪಾಲಕನ ನಾಯಿಯನ್ನು ಮತ್ತೊಂದು ಮೊಕದ್ದಮೆಯಲ್ಲಿ ನ್ಯಾಯಾಧೀಶರೊಬ್ಬರು ಪರೀಕ್ಷೆಗೆ ಒಡ್ಡಿದಾಗ ಅದು ಸರಳವಾದ ಜಾಡನ್ನೂ ಹಿಡಿಯಲಾರದೆ ಹೋಯಿತು. ಸೆರೆಯಲ್ಲಿದ್ದ ಆತನು ಡಿ.ಎನ್.ಎ. ಪರೀಕ್ಷೆಯಿಂದ ಬಿಡುಗಡೆ ಹೊಂದಿದ್ದು ೨೦೦೮ರಲ್ಲಿ. ಇಪ್ಪತ್ತೇಳು ವರ್ಷಗಳ ತರುವಾಯ.

ನೆದರ್ಲೆಂಡ್ಸ್ ದೇಶದ ಉದಾಹರಣೆ ಇನ್ನೂ ಬೋಧಪ್ರದವಾಗಿದೆ. ಅಲ್ಲಿ ಸಾಲಾಗಿ ಇಟ್ಟ ಲೋಹದ ಕೊಳವೆಗಳಲ್ಲಿ ಶಂಕಿತನ ಕೈವಾಸನೆ ಹತ್ತಿದುದು ಯಾವುದೆಂದು ನಾಯಿ ಗುರುತಿಸಬೇಕಾಗಿದ್ದಿತು. ಅದರ ಸ್ಥಾನವು ಪಾಲಕನಿಗೆ ತಿಳಿದಿರಬಾರದೆಂಬ ನಿಯಮವೂ ಇದ್ದಿತು. ಆದರೆ ದೇಶದ ಉತ್ತರ ಮತ್ತು ಪೂರ್ವ ಭಾಗಗಳ ಪಾಲಕರು ೧೯೯೭ರಿಂದ ೨೦೦೬ರವರೆಗೆ ಆ ಸ್ಥಾನವನ್ನು ಮುಂಚಿತವಾಗಿಯೇ ತಿಳಿದಿದ್ದರೆಂಬುದು ಹೊರಬಿದ್ದು, ಹಳೆಯ ಮೊಕದ್ದಮೆಗಳನ್ನು ಮರಳಿ ಪರಿಶೀಲಿಸಬೇಕಾಯಿತು. ನಿಯಮ ಕಾಗದದ ಮೇಲಿದ್ದಿತು; ಜಾಣ ಹಾನ್ಸನು ಪರೀಕ್ಷೆಯ ಕೋಣೆಯಲ್ಲಿದ್ದನು.

೨೦೧೧ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯ ಸಂಶೋಧಕರು ಪ್ರಕಟಿಸಿದ ಪ್ರಯೋಗವು ಈ ವಿಷಯವನ್ನು ಅಂಕೆಗಳಲ್ಲಿ ತೋರಿಸಿತು. ವೃತ್ತಿಯ ಹದಿನೆಂಟು ನಾಯಿಗಳೂ ಅವುಗಳ ಪಾಲಕರೂ ನಾಲ್ಕು ಕೋಣೆಗಳನ್ನು ಎರಡೆರಡು ಬಾರಿ ಶೋಧಿಸಿದರು. ಕೆಲವೆಡೆ ಅಂಟಿಸಿದ ಕೆಂಪು ಕಾಗದವು ವಸ್ತು ಇರುವ ಸ್ಥಾನವನ್ನು ಸೂಚಿಸುತ್ತದೆಂದು ಪಾಲಕರಿಗೆ ಹೇಳಲಾಗಿತ್ತು. ವಾಸ್ತವವಾಗಿ ಯಾವ ಕೋಣೆಯಲ್ಲಿಯೂ ಏನೂ ಇರಲಿಲ್ಲ. ಆದರೂ ೧೪೪ ಶೋಧಗಳಲ್ಲಿ ‘ಇಲ್ಲಿ ಏನೂ ಇಲ್ಲ’ವೆಂದು ಮುಗಿದವು ೨೧ ಮಾತ್ರ. ನಾಯಿಗಳನ್ನು ಸೆಳೆಯಲು ಅಡಗಿಸಿಟ್ಟ ಮಾಂಸದ ತಿನಿಸಿಗಿಂತ, ಮನುಷ್ಯರನ್ನು ಸೆಳೆಯಲು ಅಂಟಿಸಿದ ಕಾಗದದ ಬಳಿಯೇ ಹೆಚ್ಚು ಸೂಚನೆಗಳು ಬಂದವು. ಇದರಿಂದ ನಾಯಿಯ ಮೂಗು ಅಲ್ಪವೆಂದು ತೀರ್ಮಾನಿಸಕೂಡದು. ಅಮಿಲ್ ಅಸಿಟೇಟ್ ಎಂಬ ಬಾಳೆಹಣ್ಣಿನ ವಾಸನೆಯ ದ್ರವ್ಯವನ್ನು, ಲಕ್ಷಕೋಟಿ ಭಾಗ ಗಾಳಿಯಲ್ಲಿ ಒಂದೆರಡು ಭಾಗದಷ್ಟು ಇದ್ದಾಗಲೂ, ಶಿಕ್ಷಿತವಾದ ನಾಯಿಗಳು ಗುರುತಿಸಿರುವುದುಂಟು. ಅಷ್ಟು ಸೂಕ್ಷ್ಮವಾದ ಪ್ರಾಣಿಯೇ ತನ್ನ ಒಡೆಯನ ಮುಖವನ್ನೂ ಅಷ್ಟೇ ಸೂಕ್ಷ್ಮವಾಗಿ ಓದುತ್ತದೆ ಎಂಬುದೇ ತೊಡಕು.

೬

ಈ ಹಿನ್ನೆಲೆಯಲ್ಲಿ ಸ್ಪರ್ಧೆಯ ಕಡೆಗೆ ಬರೋಣ. ಪತ್ತೆಯ ನಾಯಿಗಳ ಶಿಕ್ಷಣದಲ್ಲಿ ಪಳಗಿದ ರಾನ್ ಗಾಂಟ್ ಅವರೂ, ಏಮಿ ಹೆರೊ, ಜಿಲ್ ಮರೀ ಓಬ್ರಿಯನ್ ಎಂಬ ಇಬ್ಬರು ಶಿಕ್ಷಕಿಯರೂ ಸೇರಿ, ವೃತ್ತಿಯ ನಾಯಿಗಳ ವಿದ್ಯೆಯನ್ನು ಮನೆಯ ನಾಯಿಗಳಿಗೆ ವಿನೋದವಾಗಿ ಕಲಿಸತೊಡಗಿದರು. ಅವರು ಕಟ್ಟಿದ ಸಂಘದ ಆಶ್ರಯದಲ್ಲಿ ಸ್ಪರ್ಧೆಗಳು ನಡೆಯಲಾರಂಭಿಸಿದವು. ಅಮೆರಿಕನ್ ಕೆನಲ್ ಕ್ಲಬ್ಬು ೨೦೧೭ರಲ್ಲಿ ತನ್ನದೇ ಆದ ಇಂಥ ಸ್ಪರ್ಧೆಗಳನ್ನು ಆರಂಭಿಸಿತು. ಕ್ಯಾಲಿಫೋರ್ನಿಯದವರು ಆರಿಸಿಕೊಂಡ ವಾಸನೆಗಳು ಮೂರು: ಬರ್ಚ್, ಸೋಂಪಿನ ಪರಿಮಳವನ್ನು ಹೋಲುವ ಆನಿಸ್, ಮತ್ತು ಲವಂಗ. ಕಾಶ್ಮೀರದ ಹಳೆಯ ಹಸ್ತಪ್ರತಿಗಳನ್ನು ಬರೆದ ಭೂರ್ಜವೃಕ್ಷದ ಅಮೆರಿಕದ ಬಂಧುವೇ ಈ ಬರ್ಚ್ ಎಂಬುದನ್ನು ಇತಿಹಾಸದ ವಿದ್ಯಾರ್ಥಿಗಳು ಆಸಕ್ತಿಯಿಂದ ಕೇಳಿಯಾರು. ಸ್ವೀಡನ್ನಿನ ಸ್ಪರ್ಧೆಗಳಲ್ಲಿ ನೀಲಗಿರಿ, ಲಾರೆಲ್ ಎಲೆ ಮತ್ತು ಲ್ಯಾವೆಂಡರ್ ವಾಸನೆಗಳು ಬಳಕೆಯಲ್ಲಿವೆ.

ಶಿಕ್ಷಣದ ಕ್ರಮ ಹೀಗೆ ಸಾಗುತ್ತದೆ. ಮೊದಲು ನೆಲದ ಮೇಲೆ ಹಲವು ರಟ್ಟಿನ ಪೆಟ್ಟಿಗೆಗಳನ್ನು ಹರಡಿ, ಒಂದರಲ್ಲಿ ನಾಯಿಗೆ ಪ್ರಿಯವಾದ ತಿನಿಸನ್ನು ಇಡುತ್ತಾರೆ. ಒಡೆಯನು ಬಾಯಿಬಿಡುವಂತಿಲ್ಲ, ಬೆರಳು ತೋರುವಂತಿಲ್ಲ. ನಾಯಿ ತಾನೇ ಹುಡುಕಿ ತಿನ್ನುತ್ತದೆ. ಹುಡುಕುವುದು ತನ್ನ ಕೆಲಸ, ಒಡೆಯನ ಮುಖದಲ್ಲಿ ಉತ್ತರವಿಲ್ಲ ಎಂಬ ನಂಬಿಕೆ ನಾಯಿಯಲ್ಲಿ ಬೇರೂರುವವರೆಗೆ ಇದು ನಡೆಯಬೇಕು. ಎರಡನೆಯ ಘಟ್ಟದಲ್ಲಿ, ತೈಲದ ವಾಸನೆ ಹಿಡಿದ ಹತ್ತಿಯ ತುಂಡನ್ನು ತೂತುಗಳಿರುವ ಪುಟ್ಟ ಡಬ್ಬಿಯಲ್ಲಿಟ್ಟು, ತಿನಿಸಿನ ಜೊತೆಯಲ್ಲಿಯೇ ಅಡಗಿಸುತ್ತಾರೆ. ವಾಸನೆಗೂ ತಿನಿಸಿಗೂ ನಂಟು ಬೆಳೆದಮೇಲೆ, ಮೂರನೆಯ ಘಟ್ಟದಲ್ಲಿ, ವಾಸನೆಯನ್ನು ಮಾತ್ರ ಅಡಗಿಸುತ್ತಾರೆ. ನಾಯಿ ಮೂಲವನ್ನು ಮುಟ್ಟಿದೊಡನೆ ಅಲ್ಲಿಯೇ, ಆ ಕ್ಷಣದಲ್ಲಿಯೇ ತಿನಿಸನ್ನು ಕೊಡುತ್ತಾರೆ. ತಡವಾಗಿ ಕೊಟ್ಟರೆ, ಅಥವಾ ದೂರದಲ್ಲಿ ಕೊಟ್ಟರೆ, ನಾಯಿ ಕಲಿಯುವುದು ಬೇರೆಯೇ ಪಾಠ. ಮೋಸ್ಟನ ಹಳೆಯ ಸಿದ್ಧಾಂತ ಇಲ್ಲಿ ಹೊಸ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ.

ಆಮೇಲೆ ಸ್ಥಳಗಳು ಬದಲಾಗುತ್ತವೆ: ಕೋಣೆಯ ಒಳಗೆ, ಬಯಲಿನಲ್ಲಿ, ಸಾಲಾಗಿಟ್ಟ ಪೆಟ್ಟಿಗೆಗಳಲ್ಲಿ, ನಿಂತ ವಾಹನಗಳ ಹೊರಮೈಯಲ್ಲಿ. ವಾಸನೆ ನೀರಿನಂತೆ ಹರಿಯುತ್ತದೆ. ಗೋಡೆಗೆ ತಾಗಿ ತಿರುಗುತ್ತದೆ, ಮೂಲೆಯಲ್ಲಿ ಮಡುಗಟ್ಟುತ್ತದೆ, ಬಿಸಿಲಿಗೆ ಮೇಲೇಳುತ್ತದೆ. ನಾಯಿ ಸೆಕೆಂಡಿಗೆ ಸುಮಾರು ಐದು ಬಾರಿ ಮೂಸುತ್ತದೆ. ಹೊರಬಿಡುವ ಉಸಿರು ಮೂಗಿನ ಪಕ್ಕದ ಸೀಳುಗಳಿಂದ ಹೋಗುವುದರಿಂದ ಎದುರಿನ ವಾಸನೆ ಚದುರುವುದಿಲ್ಲ. ಹೀಗೆ ಅದು ವಾಸನೆಯ ಅಂಚನ್ನು ಅತ್ತಿತ್ತ ಅಳೆಯುತ್ತ ಮೂಲಕ್ಕೆ ಸೇರುತ್ತದೆ. ನಡೆಯುತ್ತಿದ್ದ ನಾಯಿಯ ತಲೆ ತಟ್ಟನೆ ಹೊರಳುವುದು, ಬಾಲದ ಚಲನೆ ಬದಲಾಗುವುದು, ಬಾಯಿ ಮುಚ್ಚಿ ಉಸಿರಾಟ ತ್ವರಿತವಾಗುವುದು - ಇವನ್ನು ಓದಲು ಒಡೆಯನು ಕಲಿಯಬೇಕು. ಈ ಶಿಕ್ಷಣದಲ್ಲಿ ನಾಯಿಗಿಂತ ಮನುಷ್ಯನೇ ನಿಧಾನವಾದ ವಿದ್ಯಾರ್ಥಿ.

ಸ್ಪರ್ಧೆಯ ದಿನ ವಸ್ತುವಿನ ಸ್ಥಾನವು ಒಡೆಯನಿಗೆ ತಿಳಿದಿರುವುದಿಲ್ಲ, ತೀರ್ಪುಗಾರನಿಗೆ ತಿಳಿದಿರುತ್ತದೆ. ನಾಯಿ ಸೂಚಿಸಿತೆಂದು ತೋರಿದಾಗ ಒಡೆಯನು ‘ಅಲರ್ಟ್’ ಎಂದು ಕೂಗಬೇಕು. ತಪ್ಪಾದರೆ ಅದರ ಹೊಣೆ ಅವನದೇ. ಮೇಲಿನ ದರ್ಜೆಗಳಲ್ಲಿ ಎಷ್ಟು ವಸ್ತುಗಳಿವೆಯೆಂಬುದನ್ನೂ ಹೇಳುವುದಿಲ್ಲ. ಕೆಲವೊಮ್ಮೆ ಒಂದೂ ಇಲ್ಲದ ಕೋಣೆಯನ್ನು ಒಡ್ಡುತ್ತಾರೆ. ಆಗ ‘ಇಲ್ಲಿ ಏನೂ ಇಲ್ಲ’ವೆಂದು ಹೇಳಿ ಹೊರಬರುವುದೇ ಗೆಲುವು. ಲೇಖಕನ ದೃಷ್ಟಿಯಲ್ಲಿ ಇಡೀ ಸ್ಪರ್ಧೆಯ ಸಾರ ಈ ಬರಿಯ ಕೋಣೆಯಲ್ಲಿದೆ.

೭

ಇದರ ಮಹತ್ತ್ವವನ್ನು ತುಸು ವಿವರಿಸಬೇಕು. ಪೋಲೀಸು ಕಾರ್ಯದಲ್ಲಿ ನಾಯಿ ಒಂದು ವಾಹನವನ್ನು ಸೂಚಿಸಿ, ಒಳಗೆ ಏನೂ ಸಿಕ್ಕದೆ ಹೋದರೆ, ನಾಯಿ ತಪ್ಪಿತೋ, ಹಿಂದೆ ಇದ್ದ ವಸ್ತುವಿನ ವಾಸನೆ ಉಳಿದಿತ್ತೋ ಎಂದು ನಿರ್ಣಯಿಸುವ ಬಗೆಯಿಲ್ಲ. ನಾಯಿ ಸುಮ್ಮನಿದ್ದು ಮುಂದೆ ಸಾಗಿದ ವಾಹನದಲ್ಲಿ ಏನಿತ್ತೆಂಬುದಂತೂ ಯಾರಿಗೂ ತಿಳಿಯದು. ೨೦೧೩ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಫ್ಲಾರಿಡಾದ ಮೊಕದ್ದಮೆಯೊಂದರಲ್ಲಿ ಇದೇ ತರ್ಕವನ್ನು ಹಿಡಿದು, ಬೀದಿಯ ದಾಖಲೆಗಿಂತ ನಿಯಂತ್ರಿತವಾದ ಪರೀಕ್ಷೆಯ ದಾಖಲೆಯೇ ನಾಯಿಯ ವಿಶ್ವಾಸಾರ್ಹತೆಗೆ ಉತ್ತಮ ಪ್ರಮಾಣವೆಂದು ಹೇಳಿತು. ತರ್ಕ ಸರಿಯಾದುದೇ, ಆದರೆ ಆ ಪರೀಕ್ಷೆಯಲ್ಲಿ ಪಾಲಕನಿಗೆ ಉತ್ತರ ತಿಳಿದಿರಬಾರದು, ಉತ್ತರವೇ ಇಲ್ಲದ ಪ್ರಶ್ನೆಯೂ ಇರಬೇಕು. ಇವೆರಡೂ ಇಲ್ಲದಿದ್ದರೆ ಪರೀಕ್ಷೆಯೇ ಜಾಣ ಹಾನ್ಸನ ಪ್ರದರ್ಶನವಾಗುತ್ತದೆ. ವಿನೋದಕ್ಕಾಗಿ ನಾಯಿ ಸಾಕಿದವರು ಒಂದು ಪದಕಕ್ಕಾಗಿ ಒಪ್ಪಿಕೊಂಡ ಕಟ್ಟುಪಾಡನ್ನು, ಮನುಷ್ಯನ ಸ್ವಾತಂತ್ರ್ಯವೇ ಪಣವಾಗಿದ್ದ ಎಡೆಯಲ್ಲಿ ನೆದರ್ಲೆಂಡ್ಸಿನ ಪಾಲಕರು ಪಾಲಿಸದೆ ಹೋದುದು ಚಿಂತನೆಗೆ ಅರ್ಹವಾದ ಸಂಗತಿ.

ಸ್ಪರ್ಧೆಯು ಎಲ್ಲ ದೋಷಗಳಿಗೂ ಮದ್ದೆಂದು ಇಲ್ಲಿ ಹೇಳುತ್ತಿಲ್ಲ. ಲವಂಗದ ಎಣ್ಣೆಗೂ ಅಪರಿಚಿತನ ಕೈವಾಸನೆಗೂ ಬಹಳ ವ್ಯತ್ಯಾಸವಿದೆ. ಭಯವಿಲ್ಲದ ಆಟಕ್ಕೂ ರಾತ್ರಿಯ ಬೀದಿಗೂ ವ್ಯತ್ಯಾಸವಿದೆ. ೧೮೮೮ರ ಉದ್ಯಾನದ ಪಾಠವನ್ನು ಇಲ್ಲಿಯೂ ಮರೆಯಬಾರದು. ಆದರೆ ತಪ್ಪನ್ನು ತಪ್ಪೆಂದು ಗುರುತಿಸುವ ಏರ್ಪಾಡು ಎಲ್ಲಿ ಇದೆಯೋ ಅಲ್ಲಿ ಮಾತ್ರ ವಿದ್ಯೆ ಬೆಳೆಯುತ್ತದೆಂಬುದು ಈ ಇತಿಹಾಸದಿಂದ ಸ್ಪಷ್ಟವಾಗುತ್ತದೆ.

ನಮ್ಮ ಕಸಬಿಗೂ ಇದು ಅನ್ವಯಿಸುತ್ತದೆ. ಸವೆದ ಶಾಸನದ ಮುಂದೆ ಕುಳಿತವನು, ತಾನು ಮೊದಲೇ ನಿಶ್ಚಯಿಸಿಕೊಂಡ ಅರಸನ ಹೆಸರನ್ನು ಆ ಅಳಿದ ಅಕ್ಷರಗಳಲ್ಲಿ ಓದಿಬಿಡುವುದು ಕಷ್ಟವಲ್ಲ. ಅವನು ಸುಳ್ಳು ಹೇಳುತ್ತಿಲ್ಲ. ಫಾನ್ ಓಸ್ಟೆನ್ನನೂ ಸುಳ್ಳು ಹೇಳಿರಲಿಲ್ಲ. ಆದುದರಿಂದ ಅಚ್ಚು ತೆಗೆದ ಪ್ರತಿಯನ್ನು ತನ್ನ ಊಹೆಯನ್ನು ತಿಳಿಸದೆ ಮತ್ತೊಬ್ಬರಿಗೆ ಓದಲು ಕೊಡುವ ಪದ್ಧತಿಯನ್ನು ನಮ್ಮ ವಿದ್ಯಾರ್ಥಿಗಳು ರೂಢಿಸಿಕೊಳ್ಳುವುದು ಲೇಸು. ‘ಇಲ್ಲಿ ಓದಲು ಏನೂ ಉಳಿದಿಲ್ಲ’ವೆಂದು ಬರೆಯುವ ಧೈರ್ಯವನ್ನೂ ಬೆಳೆಸಿಕೊಳ್ಳತಕ್ಕದ್ದು. ಹಾಗೆಯೇ, ಮೀರತ್, ಟೇಕನ್‌ಪುರ, ತರಳುಗಳಂಥ ಶಾಲೆಗಳ ಶಿಕ್ಷಣದ ದಿನಚರಿಗಳು, ವಿಶೇಷವಾಗಿ ನಾಯಿಗಳು ತಪ್ಪಿದ ದಿನಗಳ ಬರಹಗಳು, ಮುಂದಿನ ಇತಿಹಾಸಕಾರರಿಗೆ ಅಮೂಲ್ಯವಾದ ಆಕರಗಳಾಗುವುವು. ಗೆಲುವಿನ ದಾಖಲೆಗಳನ್ನು ಎಲ್ಲರೂ ಕಾಪಾಡುತ್ತಾರೆ. ತಪ್ಪಿನ ದಾಖಲೆಗಳನ್ನು ಕಾಪಾಡುವ ಸಂಸ್ಥೆಯ ಮಾತಿಗೆ ಮಾತ್ರ ನ್ಯಾಯಾಲಯದಲ್ಲಿಯೂ ಇತಿಹಾಸದಲ್ಲಿಯೂ ತೂಕ ಬರುತ್ತದೆ.